ಹಾಜಿ ಗೈತನ ಒಪ್ಪಿಗೆ

ಹೆಗಲಿಗೇರಿದ್ದ ಶವದ ಮಂಚವನ್ನು ನಾಲ್ವರೂ ಮತ್ತೆ ಅಂಗಳದಲ್ಲಿ ಇಳಿಸಬೇಕಾಯಿತು. ಅಪ್ಪನಿಂದ ಯಾರಿಗಾದರೂ ಬರಬೇಕಾದದ್ದಿದ್ದರೆ ಹೇಳಿ, ಇಲ್ಲವೇ ಮನ್ನಿಸಿ ಎಂದು ಮಗ ಶುಐಬ್ ವಾಡಿಕೆಯಂತೆ ಕೇಳಿದ್ದ. ವಾಡಿಕೆಯಂತೆ ಎಲ್ಲರೂ ಮನ್ನಿಸಿದೆವು ಎಂದಿದ್ದರು. ಆಗ ಹೆಂಗಸರ ಕಡೆಯ ಗೋಡೆಯಾಚೆಯಿಂದ ಒಂದು ದನಿ ಬಂತು.

"ನಾನು ಮನ್ನಿಸಿಲ್ಲ. ನನ್ನ ನೀರು ಕೊಟ್ಟು ಎತ್ಕೊಂಡು ಹೋಗಿ."

ಅದು ಮಬ್ರೂಕಾ, ಸತ್ತ ಹಾಜಿ ಗೈತನ ತಮ್ಮನ ವಿಧವೆ. ಊರ ಚಿಲುಮೆಯ ನೀರಿನಲ್ಲಿ ಅವಳ ತೋಟಕ್ಕೂ ವಾರಕ್ಕೊಂದು ಸರದಿಯಿತ್ತು. ತಮ್ಮನನ್ನು ಮಣ್ಣು ಮಾಡಿ ಬಂದ ಗೈತ್, ಆ ಸರದಿಯನ್ನು ತನ್ನ ಖರ್ಜೂರದ ಸಾಲಿಗೆ ತಿರುಗಿಸಿಕೊಂಡಿದ್ದ.

ರಾಜ್ಯಪಾಲರ ಕಡೆಯ ಅಧಿಕಾರಿ ಬೂಟು ಮಿಂಚಿಸಿಕೊಂಡು ಎದುರಿಗೇ ನಿಂತಿದ್ದ. ಶುಐಬನಿಗೆ ತಲೆ ತಗ್ಗಿಸುವಂತಾಯಿತು.

"ಚಿಕ್ಕಮ್ಮ, ಇವತ್ತು ಬೇಡ. ದೇಶಕ್ಕೇ ಕಾನೂನು ಕೊಟ್ಟೋರು ಅವರು."

"ದೇಶಕ್ಕೆ ಕೊಟ್ರು ಕಣಪ್ಪ. ನನ್ನ ಈರುಳ್ಳಿ ಮಡಿಗೆ ಕೊಡಲಿಲ್ಲ."

*

ಕಾನೂನು ಕೊಟ್ಟ ಚಂದ ಊರಿಗೆಲ್ಲ ಗೊತ್ತಿತ್ತು. ಹತ್ತು ಹನ್ನೆರಡು ವರ್ಷದ ಹಿಂದೆ, ಲಿಬಿಯಾಕ್ಕೆ ಸ್ವಾತಂತ್ರ್ಯ ಬರುವುದರಲ್ಲಿತ್ತು. ಹೊಸ ದೊರೆಯ ರಾಜ್ಯಕ್ಕೆ ಸಂವಿಧಾನ ಬರೆಯಲು ಪ್ರಾಂತಕ್ಕೆ ಇಪ್ಪತ್ತರಂತೆ ಅರವತ್ತು ಮಂದಿಯನ್ನು ತ್ರಿಪೋಲಿಗೆ ಕರೆಸಿದರು. ಫೆಜ್ಜಾನ್ ಪ್ರಾಂತದ ನಮ್ಮ ಕಣಿವೆಯಿಂದ ಗೈತ್ ಹೋದ. ಊರವರು ಆರಿಸಿರಲಿಲ್ಲ, ಹೆಸರು ಮೇಲಿನಿಂದ ಬಂದಿತ್ತು. ಸಭೆಯಲ್ಲಿ ಪಕ್ಕದವನು ಮೊಣಕೈಯಿಂದ ತಿವಿದಾಗಲೆಲ್ಲ ಕೈ ಎತ್ತಿ 'ಒಪ್ಪಿಗೆ' ಎಂದು ಮತ್ತೆ ಕಣ್ಣು ಮುಚ್ಚುತ್ತಿದ್ದನಂತೆ. ಬೇರೆ ಯಾರೂ ಆಡಿಕೊಂಡದ್ದಲ್ಲ, ಚಹಾ ಕುಡಿಸಿ ಅವನೇ ಹೆಮ್ಮೆಯಿಂದ ಹೇಳುತ್ತಿದ್ದ ಮಾತು. ಥೂ, ಅದೂ ಒಂದು ಹೆಮ್ಮೆ.

ಅಂಥ ಒಂದು ಚಹಾದ ಹೊತ್ತಿಗೇ ಮಬ್ರೂಕಾ ಬಾಗಿಲಲ್ಲಿ ಬಂದು ನಿಂತಿದ್ದಳು.

"ಎಲ್ಲರೂ ಸಮ ಅಂತ ಬರೆದಿದೀರಂತಲ್ಲ ಭಾವ, ನನ್ನ ಸರದಿ?"

"ಅದು ದೊಡ್ಡ ಮಾತು ಕಣಮ್ಮ. ತೋಟದ ಕಾಲುವೆಗೆಲ್ಲ ಎಳೀಬಾರದು."

ಕುಳಿತಿದ್ದವರೆಲ್ಲ ನಕ್ಕರು. ಕೈಯಲ್ಲಿದ್ದ ಚಹಾ ಅವನದು, ನಗದೆ ಏನು ಮಾಡಿಯಾರು?

*

ಬಿಸಿಲು ಏರುತ್ತಿತ್ತು. ಅಧಿಕಾರಿ ಕೈಗಡಿಯಾರ ನೋಡಿಕೊಂಡ. ಇಮಾಮರು ನೆರೆದವರತ್ತ ತಿರುಗಿ, ನೀರಿನ ಮಾತನ್ನು ಹೂಳಿದ ಮೇಲೆ ನೋಡಿಕೊಳ್ಳೋಣವೇ ಎಂದು ಕೇಳಿದರು. ಗಂಡಸರೆಲ್ಲ ಕೈ ಎತ್ತಿದರು. ಸರದಿ ಯಾರದೆಂದು ಗೊತ್ತಿಲ್ಲದ ಕೈ ಅಲ್ಲಿ ಒಂದೂ ಇರಲಿಲ್ಲ. ಒಬ್ಬ ಗೈತ್ ಸತ್ತರೇನು, ಊರಿಗೆ ಊರೇ ಗೈತ್ ಆಗಿತ್ತು.

ಮಂಚ ಮತ್ತೆ ಮೇಲೆದ್ದಿತು. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ, ಗಂಡಸರು ಮನೆಯಲ್ಲಿ ಉಳಿಯುವುದಿಲ್ಲ. ಚಿಲುಮೆಯ ಬಳಿ ಇವತ್ತು ಕಾವಲಿಲ್ಲ ಎಂದು ಮಬ್ರೂಕಾಳಿಗೆ ಹೊಳೆಯಿತು. ಅಳುವವರ ನಡುವಿನಿಂದ ಎದ್ದು ಗುದ್ದಲಿ ಹಿಡಿದು ಹೋದಳು. ಗೈತನ ಸಾಲಿಗೆ ಹೋಗುವ ಬಾಯಿಗೆ ಮಣ್ಣು ತುಂಬಿ ತುಳಿದು, ತನ್ನ ಕಡೆಯ ಕಟ್ಟೆ ಒಡೆದಳು. ಹನ್ನೆರಡು ವರ್ಷ ಒಣಗಿದ್ದ ಕಾಲುವೆ ಮೊದಲು ನೀರು ಕುಡಿಯಿತು, ಆಮೇಲೆ ಹರಿಸಿತು. ಸ್ಮಶಾನದ ದಾರಿಯ ತಗ್ಗು ತುಂಬಿ, ಈರುಳ್ಳಿ ಮಡಿಗೂ ನೀರು ಮುಟ್ಟಿತು.

ಹೂಳಿ ಬಂದವರು ತಗ್ಗಿನ ಅಂಚಿನಲ್ಲಿ ನಿಂತರು. ಆಚೆ ಬದುವಿನ ಮೇಲೆ ಅವಳು ಗುದ್ದಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

"ಹೂಳಿದ ಮೇಲೆ ನೋಡ್ಕೊಳ್ಳೋಣ ಅಂದ್ರಲ್ಲ. ಹೂಳಿದ್ದಾಯ್ತು, ನೋಡ್ಕೊಳ್ಳಿ."

ಶುಐಬ್ ಇಮಾಮರನ್ನು ನೋಡಿದ, ಇಮಾಮರು ಅಧಿಕಾರಿಯನ್ನು ನೋಡಿದರು. ಅಧಿಕಾರಿಗೆ ಊಟದ ಹೊತ್ತಾಗಿತ್ತು. ಅವನು ಬಗ್ಗಿ ಬೂಟು ಬಿಚ್ಚಿಕೊಂಡ. ಅವನ ಹಿಂದೆ ಒಬ್ಬೊಬ್ಬರಾಗಿ, ಕಳಚಿದ ಜೋಡು ನೆನೆಯದಂತೆ ಕೈ ಮೇಲೆತ್ತಿಕೊಂಡು, ಊರ ಗಂಡಸರೆಲ್ಲ ಅವಳ ನೀರು ದಾಟಿದರು.