ಎಡಗಡೆಯ ಕೆಂಪು ಬಟನ್

ನಾನು ಒಂದು ಕೆಂಪು ಬಟನ್. ಜೋಳದ ರೊಟ್ಟಿ ಮಾಡುವ ಯಂತ್ರವನ್ನು ಥಟ್ಟನೆ ನಿಲ್ಲಿಸುವುದಷ್ಟೇ ನನ್ನ ಕೆಲಸ. ಹುಟ್ಟುವಾಗ ನಾನು ಬರೀ ರಟ್ಟಿನ ಬಿಲ್ಲೆ. ಮೇಲೊಂದು ಕೆಂಪು ಕಾಗದ, ಹಿಂದೆ ಒಂದಿಷ್ಟು ಗೋಂದು. ಆದರೂ ಜಂಬಕ್ಕೇನೂ ಕಡಿಮೆಯಿರಲಿಲ್ಲ. ನನ್ನನ್ನು ಎಲ್ಲಿ ಕೂರಿಸಬೇಕೆಂದು ದಿನಗಟ್ಟಲೆ ತಲೆ ಕೆಡಿಸಿಕೊಂಡಿದ್ದರಲ್ಲ.

ನನ್ನನ್ನು ಮಾಡಿದವಳು ವಿಭಾ, ಹುಬ್ಬಳ್ಳಿಯ ಒಂದು ಕಾರ್ಖಾನೆಯ ವಿನ್ಯಾಸಗಾರ್ತಿ. ಅಲ್ಲಿ ತಯಾರಾದ ಹಳೆಯ ಯಂತ್ರದ ಎರಡು ಉರುಳೆಗಳ ನಡುವೆ ಯಾರದೋ ಬೆರಳು ಜಜ್ಜಿಹೋಗಿತ್ತು. ಸ್ವಿಚ್ ಇದ್ದದ್ದು ಹಿಂದಿನ ಗೋಡೆಯಲ್ಲಿ. ಕೂತಲ್ಲಿಂದಲೇ ನಿಲ್ಲಿಸುವಂತೆ ಏನಾದರೂ ಮಾಡು ಎಂದು ಮಾಲೀಕರು ವಿಭಾಳಿಗೆ ಹೇಳಿದರು.

ಅವಳು ಮೇಜಿನ ಮುಂದೆ ಕೂತು ಗೀಚುವವಳಲ್ಲ. ಅಂಥದೇ ಯಂತ್ರವಿದ್ದ ಗದಗಿನ ಒಂದು ರೊಟ್ಟಿ ಕೇಂದ್ರಕ್ಕೆ ಹೋಗಿ, ಹದಿನೈದು ದಿನ ಅಲ್ಲಿನ ಆರು ಹೆಂಗಸರ ಜೊತೆ ಕೂತಳು. ಅವರ ತೋಳಿನ ಉದ್ದ ಅಳೆದಳು, ಎಲ್ಲಿ ನೋಯುತ್ತದೆಂದು ಕೇಳಿದಳು, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡಳು. ಎಲ್ಲ ವಿಡಿಯೊಗಳಲ್ಲೂ ಹಿಟ್ಟಿನ ಉಂಡೆ ತಳ್ಳುತ್ತಿದ್ದದ್ದು ಬಲಗೈ. ಅದು ಸಿಕ್ಕಿಕೊಂಡರೆ ಎಡಗೈ ಖಾಲಿ ಇರುತ್ತದೆಂದು ನನ್ನನ್ನು ಎಡಗಡೆ ಅಂಟಿಸಿದಳು. ಎದುರಿಗಿದ್ದರೆ ಹಿಟ್ಟಿನ ಪರಾತ ತಾಗಿ ಯಂತ್ರ ಸುಮ್ಮಸುಮ್ಮನೆ ನಿಲ್ಲುತ್ತದೆಂದು ಹೆಂಗಸರೇ ಹೇಳಿದ ಮೇಲೆ, ಇನ್ನೂ ಹೊರಗೆ, ಎಡ ಪಕ್ಕದ ತಗಡಿಗೆ ಸರಿಸಿದಳು. ಆರೂ ಜನ ಒತ್ತಿ ನೋಡಿ ಚಲೋ ಐತ್ರಿ ಅಂದರು.

ಅದೇ ಮಧ್ಯಾಹ್ನ ವಿಭಾ ಚಹಾ ಕುಡಿಯಲು ಹೊರಗೆ ಹೋದಳು. ಯಂತ್ರದ ಮುಂದಿದ್ದ ಕಸ್ತೂರೆವ್ವ ಬಾಗಿಲ ಕಡೆ ಒಮ್ಮೆ ನೋಡಿ, ಉಂಡೆಯನ್ನು ಎಡಗೈಗೆ ತೆಗೆದುಕೊಂಡಳು. ಅವಳು ಹುಟ್ಟಾ ಎಡಚಿ. ಎಡಗೈಯ ಕೆಲಸ ಸರಸರ ಸಾಗಿತು. ವಿಭಾಳ ಚಪ್ಪಲಿಯ ಸದ್ದಾದದ್ದೇ ಉಂಡೆ ಬಲಗೈಗೆ ಬಂತು. ಆ ಎಡಗೈಯೇ ಸಿಕ್ಕಿಕೊಂಡರೆ ಬಲಗೈ ನನ್ನವರೆಗೆ ಬರುವುದು ಹೇಗೆ? ನಾನು ಕಂಡದ್ದು ವಿಭಾಳ ವಿಡಿಯೊದಲ್ಲಿರಲಿಲ್ಲ, ಹೇಳೋಣವೆಂದರೆ ರಟ್ಟಿಗೆ ಬಾಯಿಲ್ಲ.

ಆಮೇಲೆ ನಾನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮರುಹುಟ್ಟು ಪಡೆದೆ. ನನ್ನಂಥವು ನಾನೂರು ತಯಾರಾಗಿ ಊರೂರಿಗೆ ಹೋದವು. ನಾನು ಮಾತ್ರ ಅದೇ ಗದಗಿನ ಕೇಂದ್ರಕ್ಕೆ ಬಂದೆ.

ಅಂದಿನಿಂದ ನನಗೆ ನೆಮ್ಮದಿಯೆಂಬುದಿರಲಿಲ್ಲ. ಹೊರಗಿನವರಿಲ್ಲದಾಗ ಕಸ್ತೂರೆವ್ವನ ಎಡಗೈ ಉರುಳೆಗಳ ಹತ್ತಿರ ಹೋಗುತ್ತಿತ್ತು, ಬರುತ್ತಿತ್ತು. ಕೇಂದ್ರ ನಡೆಸುವ ಪಾರ್ವತೆವ್ವನಿಗೆ ಇದು ಗೊತ್ತಿತ್ತು. ಗಿರಾಕಿ ಮೆಟ್ಟಿಲು ಹತ್ತಿದರೆ ಅವಳು ಕೆಮ್ಮುತ್ತಿದ್ದಳು, ಕಸ್ತೂರೆವ್ವ ಕೈ ಬದಲಿಸುತ್ತಿದ್ದಳು. ಎಡಗೈಯ ರೊಟ್ಟಿಯೆಂದು ಸುದ್ದಿಯಾದರೆ ಯಾರು ಕೊಳ್ಳುತ್ತಾರೆ? ದಿನಕ್ಕೆ ಹತ್ತು ಸಲ ಕೆಮ್ಮು, ಹತ್ತು ಸಲವೂ ನಾನು ಉಸಿರು ಬಿಗಿಹಿಡಿಯುತ್ತಿದ್ದೆ.

ಮದುವೆ ಹಂಗಾಮಿನ ಒಂದು ಬೆಳಿಗ್ಗೆ ರಾಶಿ ರೊಟ್ಟಿಯ ಕೆಲಸವಿತ್ತು. ಪಾರ್ವತೆವ್ವ ಕೆಮ್ಮಿದಳು. ಕಸ್ತೂರೆವ್ವ ಗಾಬರಿಯಿಂದ ಬಾಗಿಲ ಕಡೆ ತಿರುಗಿದಳು, ಎಡಗೈ ಉಂಡೆಯ ಜೊತೆಯಲ್ಲೇ ಒಳಗೆ ಹೋಯಿತು.

ಅವಳ ಬಲಗೈ ನನ್ನನ್ನು ಹುಡುಕಿಕೊಂಡು ಬಂತು. ಸಿಕ್ಕಿಬಿದ್ದ ತೋಳಿನ ಮೇಲಿನಿಂದ, ಎದೆಯನ್ನು ಯಂತ್ರಕ್ಕೆ ಒತ್ತಿ, ತಡಕಾಡುತ್ತ ಬಂತು. ನನಗಿಂತ ಎರಡು ಬೆರಳು ಈಚೆಗೆ ನಿಂತುಬಿಟ್ಟಿತು. ಪಾರ್ವತೆವ್ವ ಓಡಿಬಂದು ನನ್ನನ್ನು ಗುದ್ದಿದಳು. ಯಂತ್ರ ನಿಂತಿತು. ಅಷ್ಟರಲ್ಲಿ ಮೂರು ಬೆರಳು ಹೋಗಿದ್ದವು.

ಸುದ್ದಿ ಕೇಳಿ ಬಂದ ವಿಭಾ, ಬ್ಯಾಂಡೇಜು ಸುತ್ತಿದ ಆ ಎಡಗೈಯನ್ನೇ ನೋಡಿದಳು. ಅವತ್ತೇ ಯಾಕೆ ಹೇಳಲಿಲ್ಲವೆಂದು ಮೆಲ್ಲಗೆ ಕೇಳಿದಳು.

“ತಿನ್ನೋ ರೊಟ್ಟಿ ಎಡಗೈಲೆ ಮುಟ್ಟತೀನಂತ ನಿಮ್ಮ ಮುಂದ ಹೆಂಗ ಹೇಳ್ಲಿರಿ ಬಾಯಾರ?” ಅಂದಳು ಕಸ್ತೂರೆವ್ವ. “ನೀವೂ ಕೇಳಲಿಲ್ಲ.”

ವಿಭಾ ಮತ್ತೆ ಮೊದಲಿನಿಂದ ಶುರು ಮಾಡಿದಳು. ಈ ಸಲ ಮೊಬೈಲು ತೆಗೆಯಲಿಲ್ಲ, ತಾನೇ ಎಡಗೈಯಿಂದ ಉಂಡೆ ತಳ್ಳುತ್ತ ಕೂತಳು. ಮೂರನೆಯ ದಿನ ಇನ್ನೊಬ್ಬಾಕೆಯೂ ಮಾತಿಲ್ಲದೆ ಕೈ ಬದಲಿಸಿದಳು. ಆರು ಜನರಲ್ಲಿ ಇಬ್ಬರು. ಹೊಸ ಯಂತ್ರಕ್ಕೆ ಕೆಳಗೆ ಉದ್ದನೆಯ ಪಟ್ಟಿ ಬಂತು. ಯಾವ ಮೊಣಕಾಲಿನಿಂದ ತಳ್ಳಿದರೂ ನಿಲ್ಲುತ್ತದೆ. ನನ್ನನ್ನು ಬಿಚ್ಚಿ ತಂದು ಅವಳ ಮೇಜಿನ ಖಾನೆಯಲ್ಲಿಟ್ಟರು. ನನಗೆ ಬೇಸರವಿಲ್ಲ. ನಾನು ಒಳ್ಳೆಯ ಮನಸ್ಸಿನಿಂದ ತಪ್ಪು ಜಾಗದಲ್ಲಿಟ್ಟ ವಸ್ತು, ಅಷ್ಟೇ.

ಆದರೆ ಮಾರಿದ ನಾನೂರು ಯಂತ್ರಗಳನ್ನು ವಾಪಸು ತರಿಸಲು ಮಾಲೀಕರು ಒಪ್ಪಲಿಲ್ಲ. ಎಡಗೈಯವರಿರುವ ಕಡೆಗಷ್ಟೇ ಹೊಸ ಪಟ್ಟಿ ಕಳಿಸೋಣ, ಫೋನು ಮಾಡಿ ವಿಚಾರಿಸು ಅಂದರು. ವಿಭಾ ದಿನವೂ ಒಂದೊಂದೇ ಊರಿಗೆ ಫೋನು ಮಾಡುತ್ತಾಳೆ. ನಿಮ್ಮಲ್ಲಿ ಯಾರಾದರೂ ಎಡಗೈಯಿಂದ ರೊಟ್ಟಿ ಮಾಡುತ್ತಾರಾ ಎಂದು ಕೇಳುತ್ತಾಳೆ. ಆ ಕಡೆ ಯಂತ್ರ ತಿರುಗುವ ಸದ್ದು ನನಗೆ ಖಾನೆಯೊಳಗೂ ಕೇಳಿಸುತ್ತದೆ.

ಎಲ್ಲರೂ ಒಂದೇ ಮಾತು ಹೇಳುತ್ತಾರೆ: “ಛೇ, ನಮ್ಮಲ್ಲಿ ಅಂಥವರು ಯಾರೂ ಇಲ್ಲರಿ.”