ಹೂವು ತರಕೂಡದು

ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ಆ ಪ್ರಯೋಗಾಲಯದ ಬಾಗಿಲಿಗೆ ಮೂರು ಭಾಷೆಗಳಲ್ಲಿ ಒಂದು ಫಲಕ ತೂಗುಹಾಕಿತ್ತು: ಹೂವು ತರಕೂಡದು. ಸುತ್ತ ಗ್ಯಾರೇಜು, ಸಿಮೆಂಟು ಗೋದಾಮು, ಲಾರಿಗಳ ಧೂಳು. ಇಲ್ಲಿಗೆ ಹೂವು ಹಿಡಿದುಕೊಂಡು ಬರುವ ಪುಣ್ಯಾತ್ಮ ಯಾರಪ್ಪ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರು ನಗುತ್ತಿದ್ದರು. ಫಲಕ ಬರೆಸಿದ ಗೋಪಿನಾಥರು ಮಾತ್ರ ನಗುತ್ತಿರಲಿಲ್ಲ. ಇಪ್ಪತ್ತೇಳು ವರ್ಷಗಳಿಂದ ಅವರು ಅಲ್ಲಿ ಕಲ್ಲು ಕರಗಿಸುತ್ತಿದ್ದರು.

ಕೆಲಸವೇ ಅದು. ಮರುಭೂಮಿಯಲ್ಲಿ ಮೂರು ಕಿಲೋಮೀಟರು ಆಳಕ್ಕೆ ಬಾವಿ ಕೊರೆದಾಗ ಮೇಲೆ ಬರುವ ಕಲ್ಲಿನ ಚೂರುಗಳು ಚೀಲ ಚೀಲವಾಗಿ ಅವರ ಮೇಜಿಗೆ ಬರುತ್ತಿದ್ದವು. ಅವನ್ನು ಉಗ್ರವಾದ ಆಮ್ಲದಲ್ಲಿ ಹಾಕಿದರೆ ಕಲ್ಲೆಲ್ಲ ಕರಗಿ ಚಿಟಿಕೆಯಷ್ಟು ಕಂದು ಹುಡಿ ಉಳಿಯುತ್ತದೆ. ಮೂವತ್ತು ಕೋಟಿ ವರ್ಷಗಳ ಹಿಂದೆ ಇಲ್ಲೆಲ್ಲೋ ಜವುಗಿನಲ್ಲಿ ಬೆಳೆದಿದ್ದ ಗಿಡಗಳ ಬೀಜಾಣುಗಳು ಆ ಹುಡಿಯಲ್ಲಿರುತ್ತವೆ. ಕಲ್ಲು ಕರಗಿದರೂ ಅವು ಕರಗುವುದಿಲ್ಲ. ಗೋಪಿನಾಥರು ಆ ಹುಡಿಯನ್ನು ಗಾಜಿನ ಸ್ಲೈಡಿನ ಮೇಲೆ ಕೂರಿಸಿ ಮೇಲೊಂದು ತೆಳು ಗಾಜು ಮುಚ್ಚಿ ಕೊಡುತ್ತಿದ್ದರು. ಸೂಕ್ಷ್ಮದರ್ಶಕದ ಮುಂದೆ ಕುಳಿತವರು ಯಾವ ಗಿಡದ ಬೀಜಾಣು ಎಂದು ಗುರುತು ಹಿಡಿದು, ಆ ಪದರ ಯಾವ ಕಾಲದ್ದು ಎಂದು ಹೇಳುತ್ತಿದ್ದರು. ಅದರೊಳಗೆ ಇವತ್ತಿನ ಹೂವಿನ ಒಂದು ಕಣ ಪರಾಗ ಬಿದ್ದರೂ ಆ ಸ್ಲೈಡನ್ನು ಯಾರೂ ನಂಬುವುದಿಲ್ಲ.

ಗೋಪಿನಾಥರ ಶಿಸ್ತು ಇಡೀ ಲ್ಯಾಬಿಗೆ ಗೊತ್ತಿದ್ದದ್ದೇ. ಕಿಟಕಿ ತೆರೆಯುವಂತಿಲ್ಲ, ಹೊರಗಿನ ಚಪ್ಪಲಿ ಒಳಗೆ ಬರುವಂತಿಲ್ಲ, ಎಣ್ಣೆ ಹಚ್ಚಿದ ತಲೆಗೆ ಟೋಪಿ ಕಡ್ಡಾಯ. ಗೋಪಿನಾಥರು ಬೆಳಿಗ್ಗೆ ಬಂದವರೇ ಅಂಗಿಯ ಕಿಸೆಯಲ್ಲಿದ್ದ ಊರಿನ ನಾಗಬನದ ಪ್ರಸಾದದ ಪೊಟ್ಟಣವನ್ನು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡು, ಆಮೇಲೆ ಕೋಟು ಹಾಕಿಕೊಂಡು ಕೆಲಸ ಶುರುಮಾಡುತ್ತಿದ್ದರು. ಉಡುಪಿಯ ಕಡೆಯಿಂದ ಬಂದ ದಿನದಿಂದ ಅದೊಂದು ಕ್ರಮ ತಪ್ಪಿರಲಿಲ್ಲ.

ಹನ್ನೆರಡು ವರ್ಷಗಳ ಹಿಂದೆ, ಒಂದು ಮಾರ್ಚ್ ತಿಂಗಳಲ್ಲಿ, ಅವರು ಮಾಡಿದ ಒಂದು ಬಾವಿಯ ಹದಿನೇಳನೆಯ ಸ್ಲೈಡಿನಲ್ಲಿ ಹೊಸ ಪರಾಗ ಸಿಕ್ಕಿತು. ಅವರು ರಜೆ ಮುಗಿಸಿ ಊರಿನಿಂದ ಬಂದು ಎರಡೇ ದಿನವಾಗಿತ್ತು. ಸೂಕ್ಷ್ಮದರ್ಶಕದವನು ಆಗ ಒಬ್ಬ ಮುದುಕ ಬಿಳಿಯ. ಕಂದು ಬೀಜಾಣುಗಳ ನಡುವೆ ಬೆಳ್ಳಗೆ ಕೂತಿದ್ದ ಅದನ್ನು ಕಂಡವನೇ ಯಾವ ಹೂವು ಎಂದು ನೋಡುವ ಗೋಜಿಗೂ ಹೋಗದೆ, “ನಿನ್ನ ಹೆಂಡತಿ ತಲೆಗೆ ಹೂವಿಡುತ್ತಾಳಾ?” ಎಂದು ಕೇಳಿದ. ಹೌದು ಎಂದರು ಗೋಪಿನಾಥರು. ಅಲ್ಲಿಗೆ ವಿಚಾರಣೆ ಮುಗಿಯಿತು. ಇಡೀ ಬಾವಿಯ ಸ್ಲೈಡುಗಳನ್ನು ಮತ್ತೆ ಮಾಡಬೇಕಾಯಿತು, ಗೋಪಿನಾಥರ ಕೈಗೆ ಎಚ್ಚರಿಕೆಯ ಪತ್ರ ಬಂತು. ದೋಷದ ರಿಜಿಸ್ಟರಿನಲ್ಲಿ ಕಾರಣದ ಕಾಲಮಿಗೆ ಅವರೇ ದುಂಡಗಿನ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದರು: ತಂತ್ರಜ್ಞನ ಹೆಂಡತಿ ಮುಡಿದ ಹೂವು.

ಹೆಂಡತಿ ಪ್ರೇಮಾವತಿ ಉಡುಪಿ ಹತ್ತಿರದ ಶಂಕರಪುರದವಳು. ತವರಿನ ಅಂಗಳದ ತುಂಬ ಮಲ್ಲಿಗೆ ಗಿಡ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಬೆಳೆದ ಕೈ ಅವಳದು. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಅವರ ಫ್ಲಾಟಿನ ಕೆಳಗಿದ್ದ ಅಂಗಡಿಗೆ ಗುರುವಾರ ಸಂಜೆ ವಿಮಾನದಲ್ಲಿ ಮಲ್ಲಿಗೆ ಬರುತ್ತಿತ್ತು. ವಾರಕ್ಕೊಂದು ಚೆಂಡು, ಉಂಡೆಯಾಗಿ ಸುತ್ತಿಟ್ಟ ಮಲ್ಲಿಗೆ ಮಾಲೆ. ಮಕ್ಕಳಿಲ್ಲದ ಆ ಮನೆಯಲ್ಲಿ ಅವಳು ತನಗಾಗಿ ಕೇಳುತ್ತಿದ್ದದ್ದು ಅಷ್ಟೇ.

“ನಿನ್ನ ಹೂವು ನನ್ನ ಕೆಲಸ ತೆಗೀತದೆ ಪ್ರೇಮಾ. ಇನ್ನು ಮನೆಗೆ ಮಲ್ಲಿಗೆ ಬೇಡ” ಅಂದರು ಗೋಪಿನಾಥರು.

“ರಜೆ ದಿನ ಮಾತ್ರ ಮುಡೀತೇನೆ. ಮರುದಿನ ತಲೆಗೆ ಮೀಯ್ತೇನೆ, ಆಗ್ಲಿಕ್ಕಿಲ್ವಾ?”

“ಬೇಡ ಅಂದ್ರೆ ಬೇಡ. ಖಲಾಸ್.”

ಅವಳು “ಬಿಡಿ, ಎಂತ ಆಗ್ಬೇಕು” ಎಂದು ಒಳಗೆ ಹೋದಳು. ಅದು ಅವಳ ಮಾತು. ಯಾವುದಕ್ಕೂ ‘ಬಿಡಿ, ಎಂತ ಆಗ್ಬೇಕು.’ ಆಮೇಲೆ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಅವಳು ಹೂವು ಮುಟ್ಟಲಿಲ್ಲ. ದೋಹಾದ ಅಲ್ ಸದ್ ಬಡಾವಣೆಯಲ್ಲೋ ಅಲ್ ಥುಮಾಮಾದಲ್ಲೋ ಊರಿನವರ ಮದುವೆ, ಸೀಮಂತ ಎಂದರೆ ಹೆಂಗಸರೆಲ್ಲ ಜಡೆ ತುಂಬ ಮಲ್ಲಿಗೆ ಮುಡಿದು ಬರುತ್ತಿದ್ದರು. ಇವಳೊಬ್ಬಳು ಬರಿಯ ತುರುಬಿನಲ್ಲಿ ಕುಳಿತಿರುತ್ತಿದ್ದಳು. ಯಾರಾದರೂ ಕೇಳಿದರೆ, “ನನಗೆ ಆ ವಾಸನೆಗೆ ತಲೆನೋವು ಬರ್ತದೆ” ಎನ್ನುತ್ತಿದ್ದಳು. ಮಲ್ಲಿಗೆ ತೋಟದಲ್ಲಿ ಹುಟ್ಟಿದವಳಿಗೆ ಮಲ್ಲಿಗೆಯಿಂದ ತಲೆನೋವು! ಒಮ್ಮೆ ಅದನ್ನು ಕೇಳಿಸಿಕೊಂಡ ಗೋಪಿನಾಥರಿಗೆ ಹೆಂಡತಿ ಗಂಡನ ಮಾನ ಕಾಯುತ್ತಿದ್ದಾಳೆ ಎಂದು ಗೊತ್ತಾಗಿತ್ತು. ಗೊತ್ತಾಗಿಯೂ ಸುಮ್ಮನಿದ್ದರು. ಆ ಮೇಲೆ ಸ್ಲೈಡಿನಲ್ಲಿ ಮತ್ತೆಂದೂ ಪರಾಗ ಸಿಕ್ಕಿರಲಿಲ್ಲವಲ್ಲ, ತಾನು ಮಾಡಿದ್ದು ಸರಿ ಎಂಬ ಧೈರ್ಯ ಅವರಿಗೆ. ಆ ವರ್ಷವೇ ಲ್ಯಾಬಿನಲ್ಲಿ ಎಲ್ಲರಿಗೂ ಕೈಗವಸು ಕಡ್ಡಾಯವಾದದ್ದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಎಂಟು ತಿಂಗಳ ಹಿಂದೆ, ಒಂದು ಬೆಳಿಗ್ಗೆ, ದೋಸೆಯ ಕಾವಲಿ ಒಲೆಯ ಮೇಲಿದ್ದಂತೆಯೇ ಪ್ರೇಮಾವತಿ ಅಡುಗೆಮನೆಯಲ್ಲಿ ಕುಸಿದಳು. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಪೆಟ್ಟಿಗೆಯಲ್ಲಿ ಊರಿಗೆ ಹೋದಳು. ಮುತ್ತೈದೆ ಸಾವು ಎಂದು ಅವಳ ಅಕ್ಕ ಅತ್ತುಕೊಂಡೇ ತಲೆ ಬಾಚಿ, ತವರಿನ ಅಂಗಳದ ಮಲ್ಲಿಗೆಯನ್ನು ಕಿವಿ ಮುಚ್ಚುವಷ್ಟು ಮುಡಿಸಿದಳು. ಕೊನೆಯ ಬಾರಿ ಮುಖ ನೋಡಲು ಬಗ್ಗಿದ ಗೋಪಿನಾಥರು ಹೂವಿನ ವಾಸನೆ ಬಡಿದದ್ದೇ ತಡ, ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದರು. ಯಾರೂ ಗಮನಿಸಲಿಲ್ಲ. ಅವರಿಗೆ ಮಾತ್ರ ಆ ಹೆಜ್ಜೆ ಮರೆಯಲಾಗಲಿಲ್ಲ.

ಈಗ ಲ್ಯಾಬು ಬೇರೆ ಕಟ್ಟಡಕ್ಕೆ ಹೋಗುವುದಿತ್ತು. ತಿರಸ್ಕರಿಸಿದ ಸ್ಲೈಡುಗಳ ಡ್ರಾಯರುಗಳನ್ನು ಗುರುವಾರದೊಳಗೆ ಖಾಲಿ ಮಾಡಿ ಎಂದು ಆದೇಶ ಬಂತು. ಅವಳ ಸೀರೆಗಳನ್ನು ಅಕ್ಕ ಒಯ್ದಿದ್ದಳು. ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲೂ ಉಳಿದಿರಲಿಲ್ಲ. ಆದರೆ ಆ ಹದಿನೇಳನೆಯ ಸ್ಲೈಡಿನಲ್ಲಿ ಅವಳು ಕೊನೆಯ ಸಲ ಖುಷಿಯಿಂದ ಮುಡಿದ ಮಲ್ಲಿಗೆಯ ಕಣವೊಂದು ಗಾಜಿನಡಿ ಭದ್ರವಾಗಿ ಕುಳಿತಿದೆ. ಹನ್ನೆರಡು ವರ್ಷ ಯಾವುದನ್ನು ದೋಷವೆಂದು ಬೈದರೋ ಅದನ್ನೇ ಮನೆಗೆ ಒಯ್ದು ದೇವರ ಪಕ್ಕದಲ್ಲಿಡಬೇಕು ಎಂದು ಅವರಿಗೆ ಆಸೆಯಾಯಿತು. ಒಯ್ಯುವ ಮೊದಲು ಒಮ್ಮೆ ಕಣ್ಣಾರೆ ನೋಡಬೇಕು.

ಸೂಕ್ಷ್ಮದರ್ಶಕದ ಮುಂದೆ ಈಗ ಕೂರುವವಳು ಹಸ್ನಾ. ಮಂಗಳೂರು ಕಡೆಯ ಬ್ಯಾರಿ ಮನೆತನದ ಹುಡುಗಿ, ಹುಟ್ಟಿದ್ದು ದೋಹಾದಲ್ಲೇ. ಹೊರದೇಶದಲ್ಲಿ ಇದೇ ವಿದ್ಯೆ ಓದಿ, ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಗುರುವಾರ ಮಧ್ಯಾಹ್ನ ಗೋಪಿನಾಥರು ಸ್ಲೈಡು ಹಿಡಿದುಕೊಂಡು ಅವಳ ಮೇಜಿನ ಹತ್ತಿರ ನಿಂತರು.

“ಹಸ್ನಾ, ಇದರಲ್ಲಿ ಒಂದು ಹೊಸ ಪರಾಗ ಉಂಟು. ನನ್ನ ಹೆಂಡತಿಯ ಮಲ್ಲಿಗೆದ್ದು. ಒಮ್ಮೆ ತೋರಿಸ್ತೀಯಾ ಮಗಳೇ?”

“ಸೋ ಸ್ವೀಟ್ ಅಂಕಲ್!” ಎಂದು ಹಸ್ನಾ ಸ್ಲೈಡು ಏರಿಸಿದಳು. ಐದು ನಿಮಿಷ ಹುಡುಕಿದಳು. ಆಮೇಲೆ ಹುಬ್ಬು ಗಂಟಿಕ್ಕಿತು. “ಅಂಕಲ್, ಇದು ಮಲ್ಲಿಗೆ ಅಲ್ಲ.”

“ಎಂತ?”

“ಮಲ್ಲಿಗೆದು ರೌಂಡ್ ಇರ್ತದೆ, ಮೂರು ಸೀಳು, ಮೇಲೆ ಬಲೆ ಹಾಗೆ. ಇದು ನೋಡಿ, ದೋಣಿ ತರ. ಒಂದೇ ಸೀಳು. ಪಾಮ್ ಫ್ಯಾಮಿಲಿ.”

ಗೋಪಿನಾಥರು ಬಗ್ಗಿ ಕಣ್ಣಿಟ್ಟರು. ಸುಟ್ಟ ಕಂದು ಬಣ್ಣದ ಹಳೆಯ ಬೀಜಾಣುಗಳ ನಡುವೆ ಬೆಳ್ಳನೆಯ ಪುಟ್ಟ ದೋಣಿಗಳು ಐದಾರು, ಒಂದಕ್ಕೊಂದು ಅಂಟಿಕೊಂಡಿದ್ದವು.

“ಖರ್ಜೂರದ್ದಿರ್ಬೇಕು” ಎಂದರು. “ಮಾರ್ಚಲ್ಲಿ ಇಲ್ಲಿ ಖರ್ಜೂರ ಹೂ ಬಿಡ್ತದಲ್ಲ, ಗಾಳಿಗೆ ಬಂದಿರ್ಬಹುದು.”

“ಖರ್ಜೂರದ್ದು ಇದಕ್ಕಿಂತ ಸಣ್ಣದು ಅಂಕಲ್. ಮತ್ತೆ ಗಾಳಿಯಲ್ಲಿ ಬಂದ್ರೆ ಒಂದೊಂದೇ ಇರ್ತದೆ. ಇದು ಗುಂಪು. ಹೂವನ್ನೇ ಮುಟ್ಟಿದ ಕೈಯಿಂದ ಬಿದ್ದದ್ದು.” ಅವಳು ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಸರಿಸುತ್ತಾ ಹೋದಳು. “ತೆಂಗು ಅಲ್ಲ… ಇದು ಸ್ವಲ್ಪ ಹೋಲ್ತದೆ. ಅಡಿಕೆ. ಆದ್ರೆ ಅಡಿಕೆ ಹೂ ಕತಾರಿಗೆ ಯಾರು ತರ್ತಾರೆ?”

ಗೋಪಿನಾಥರ ಕೈ ತಾನಾಗಿ ಎದೆಯ ಕಿಸೆಗೆ ಹೋಗಿತ್ತು.

ನಾಗಬನದಲ್ಲಿ ತಂಬಿಲದ ಪೂಜೆ ಮುಗಿದ ಮೇಲೆ ಹಿಂಗಾರದ ಎಸಳು ಕೊಡುತ್ತಾರೆ. ಅಡಿಕೆಯ ಹೂವು. ಅದನ್ನು ಕಾಗದದಲ್ಲಿ ಮಡಚಿ ಕಿಸೆಯಲ್ಲಿಟ್ಟುಕೊಂಡು ಕಡಲು ದಾಟಿದವರು ಗೋಪಿನಾಥರೊಬ್ಬರೇ ಅಲ್ಲ. ಅದು ಹೂವು ಎಂದು ಅವರಿಗೆ ಒಂದು ದಿನವೂ ಅನಿಸಿರಲಿಲ್ಲ. ಅವರ ಪಾಲಿಗೆ ಅದು ಪ್ರಸಾದ. ಹೂವು ಎಂದರೆ ಹೆಂಗಸರು ಮುಡಿಯುವುದು.

ಪೊಟ್ಟಣ ಹೊರತೆಗೆದರು. ಕಳೆದ ವರ್ಷದ್ದು, ಒಣಗಿ ಹುಡಿಯಾಗಿತ್ತು. ಹಸ್ನಾ ಕೇಳುವ ಮೊದಲೇ ಒಂದು ಹೊಸ ಸ್ಲೈಡು ತೆಗೆದು, ಎಸಳನ್ನು ತಟ್ಟಿ, ಹನಿ ಅಂಟು ಹಾಕಿ, ಗಾಜು ಮುಚ್ಚಿದರು. ಇಪ್ಪತ್ತೇಳು ವರ್ಷ ಪಳಗಿದ ಕೈಯಲ್ಲಿ ಅವತ್ತು ಗಾಜು ಓರೆಯಾಯಿತು. ಹಸ್ನಾ ಎರಡೂ ಸ್ಲೈಡುಗಳನ್ನು ಬದಲಿಸಿ ಬದಲಿಸಿ ನೋಡಿದಳು.

“ಸೇಮ್ ಅಂಕಲ್. ಡೌಟೇ ಇಲ್ಲ.” ಅವಳು ತಲೆಯೆತ್ತಿ ನಕ್ಕಳು. “ಅಯ್ಯೋ, ನೀವೇ! ಬೋರ್ಡು ಹಾಕಿದ್ದೂ ನೀವೇ!”

ಗೋಪಿನಾಥರು ರಿಜಿಸ್ಟರು ತಂದು ಆ ಪುಟ ತೆರೆದರು. ತಪ್ಪಾಗಿ ಬರೆದದ್ದನ್ನು ಅಳಿಸಬಾರದು, ಗೀಚಿ ಮುಚ್ಚಬಾರದು. ಕೆಳಗಿನದು ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಇಬ್ಬರು ಸಹಿ ಹಾಕಬೇಕು ಎಂಬುದು ನಿಯಮ. ‘ತಂತ್ರಜ್ಞನ ಹೆಂಡತಿ ಮುಡಿದ ಹೂವು’ ಎಂಬುದರ ಮೇಲೆ ಅವರು ಗೆರೆ ಎಳೆದರು. ಪಕ್ಕದಲ್ಲಿ ‘ತಂತ್ರಜ್ಞನ ಕಿಸೆಯ ಹೂವು’ ಎಂದು ಬರೆದು ಸಹಿ ಹಾಕಿದರು. ಗೆರೆಯಡಿಯ ಅಕ್ಷರಗಳು ಹಾಗೇ ಕಾಣುತ್ತಿದ್ದವು.

ತನ್ನ ಸಹಿ ಹಾಕುತ್ತಾ ಹಸ್ನಾ ಹಳೆಯ ಸಾಲನ್ನೂ ಓದಿಕೊಂಡಳು. “ಪಾಪ, ಆಂಟಿ ಮೇಲೆ ಹಾಕಿದ್ರಾ? ಗೊತ್ತಾದ್ರೆ ಬಿಡ್ತಾರಾ ನಿಮ್ಮನ್ನು! ಇವತ್ತು ಗುರುವಾರ ಅಲ್ವಾ, ಮಲ್ಲಿಗೆ ಬಂದಿರ್ತದೆ. ತಕೊಂಡು ಹೋಗಿ ಸಾರಿ ಹೇಳಿ ಅಂಕಲ್.”

ಬಂದು ಮೂರೇ ವಾರವಾದ ಹುಡುಗಿ, ಪ್ರೇಮಾವತಿ ತೀರಿಕೊಂಡದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಗೋಪಿನಾಥರು ರಿಜಿಸ್ಟರು ಮುಚ್ಚಿದರು.

“ಹೇಳ್ತೇನೆ ಮಗಳೇ” ಎಂದರು.

ಸಂಜೆ ಫ್ಲಾಟಿನ ಕೆಳಗಿನ ಅಂಗಡಿಯಲ್ಲಿ ಒಂದು ಚೆಂಡು ಮಲ್ಲಿಗೆ ಕೊಂಡರು. ಮೆಟ್ಟಿಲು ಹತ್ತುವಾಗ ಹೂವನ್ನು ಮೈಯಿಂದ ದೂರ ಹಿಡಿದಿರುವುದು ಅವರಿಗೇ ತಿಳಿದು, ಎದೆಗೆ ಒತ್ತಿಕೊಂಡರು. ಮನೆಯೊಳಗೆ ಹೋಗಿ ನೇರ ಅಡುಗೆಮನೆಗೆ ನಡೆದರು. ಅವಳು ಬಿದ್ದ ಜಾಗದಲ್ಲಿ, ಒಲೆಯ ಪಕ್ಕ, ನೆಲದ ಮೇಲೆ ಕುಳಿತು ಹೂವನ್ನು ಮಡಿಲಲ್ಲಿಟ್ಟುಕೊಂಡರು. ಮಲ್ಲಿಗೆಯ ವಾಸನೆ ಹನ್ನೆರಡು ವರ್ಷಗಳ ಮೇಲೆ ಆ ಮನೆ ತುಂಬಿತು.

“ಪ್ರೇಮಾ” ಎಂದರು ಗಟ್ಟಿಯಾಗಿ. “ಅದು ನಿನ್ನ ಹೂವಲ್ಲ ಮಾರಾಯ್ತಿ. ನಂದು. ನಾನೇ ತಂದದ್ದು.”

ಕಾದು ಕುಳಿತರು. ‘ಬಿಡಿ, ಎಂತ ಆಗ್ಬೇಕು’ ಎನ್ನಲು ಆ ಮನೆಯಲ್ಲಿ ಯಾರೂ ಇರಲಿಲ್ಲ.