ಗುನುಗುವ ಕಬ್ಬಿಣ

ನಾನು ಒಂದು ಸ್ಟೆಬಿಲೈಸರ್. ಕರೆಂಟಿನ ಏರಿಳಿತ ತಡೆದು ಫ್ರಿಜ್ಜನ್ನು ಕಾಯುವುದು ನನ್ನ ಕೆಲಸ. ಹುಬ್ಬಳ್ಳಿಯ ಓಣಿಯೊಂದರ ಚಿಕ್ಕ ಅಂಗಡಿಯಲ್ಲಿ ಹುಸೇನಸಾಬ್ ತೆಳ್ಳನೆಯ ಕಬ್ಬಿಣದ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ, ತಾಮ್ರದ ತಂತಿ ಸುತ್ತಿ ನನ್ನನ್ನು ಮಾಡಿದ. ಕೊನೆಯ ಬೋಲ್ಟಿಗೆ ಪಾನಾ ಹಾಕುವಷ್ಟರಲ್ಲಿ ಮನೆಯಿಂದ ಊಟಕ್ಕೆ ಕರೆ ಬಂತು. ಉಂಡು ಬಂದವನು ಅದನ್ನು ಬಿಗಿಯಲು ಮರೆತು ಮುಚ್ಚಳ ಹಾಕಿಬಿಟ್ಟ.

ಮೊದಲ ಸಲ ಕರೆಂಟು ಹರಿದಾಗ ನನಗೇ ಗಾಬರಿಯಾಯಿತು. ಕಾಂತಶಕ್ತಿ ಏರಿದಾಗ ನನ್ನ ತಗಡುಗಳು ಹಿಗ್ಗುತ್ತಿದ್ದವು, ಇಳಿದಾಗ ಕುಗ್ಗುತ್ತಿದ್ದವು. ಕೂದಲೆಳೆಯ ನೂರರಲ್ಲೊಂದು ಪಾಲೂ ಇಲ್ಲ ಆ ಹಿಗ್ಗು. ಆದರೆ ಸೆಕೆಂಡಿಗೆ ನೂರು ಸಲ! ಆ ಮಿಡಿತವೇ ನನ್ನ ದನಿ: ಹೂಂ... ಬೋಲ್ಟು ಸಡಿಲವಿದ್ದುದರಿಂದ ಅದು ಬೇರೆಯವರಿಗಿಂತ ಜೋರು.

ಬೆಟಗೇರಿಯ ನೇಕಾರ ಮಾರುತಿ ನನ್ನನ್ನು ಕೊಂಡ. ಸುತ್ತಲಿನ ಪವರ್‌ಲೂಮುಗಳು ಶುರುವಾದರೆ ಅವನ ಮನೆಯ ದೀಪ ಕಂದುತ್ತಿತ್ತು. ಅವನ ಹೆಂಡತಿ ತುಳಸಾ ಮಧ್ಯಾಹ್ನ ನನ್ನ ಪಕ್ಕದಲ್ಲೇ ಕೂತು ನೂಲು ಸುತ್ತುತ್ತಿದ್ದಳು. ತೊಡೆಯ ಮೇಲೆ ಮಗಳು ರೇಣು. ತುಳಸಾಳಿಗೆ ಜೋಗುಳದ ಪದಗಳು ಬರುತ್ತಿರಲಿಲ್ಲ. ನನ್ನ ದನಿಗೆ ದನಿಗೂಡಿಸಿ ಬಾಯಿ ಮುಚ್ಚಿಕೊಂಡೇ ಗುನುಗುತ್ತಿದ್ದಳು. ಲೂಮು ಶುರುವಾಗಿ ಕರೆಂಟು ಕುಸಿದು ನಾನು ಟಕ್ಕೆಂದಾಗ, ಅವಳೂ ಒಮ್ಮೆ ಉಸಿರೆಳೆದು ಮುಂದುವರಿಸುತ್ತಿದ್ದಳು. ರೇಣು ಅದಕ್ಕೇ ನಿದ್ದೆ ಹೋಗುತ್ತಿದ್ದಳು.

ರೇಣುವಿಗೆ ನಾಲ್ಕು ತುಂಬಿದ ವರ್ಷ ತುಳಸಾ ಕಾಮಾಲೆಯಲ್ಲಿ ತೀರಿಕೊಂಡಳು. ಮನೆ ನೋಡಿಕೊಳ್ಳಲು ಮಾರುತಿಯ ಅಕ್ಕ ಅಂಬಕ್ಕ ಬಂದಳು.

ನಾನು ಗುನುಗುತ್ತಲೇ ಇದ್ದೆ. ಬೇರೇನೂ ನನಗೆ ಬರುತ್ತಿರಲಿಲ್ಲ.

ಊಟವಾದ ಮೇಲೆ ರೇಣು ನನ್ನ ಡಬ್ಬಿಗೆ ಕಿವಿ ಹಚ್ಚಿ ಮಲಗುವಳು. "ಅವ್ವ ಇಲ್ಲೇ ಅದಾಳ" ಎನ್ನುವಳು. ಕೇಳಿ ಅಂಬಕ್ಕನ ಕೈಯಲ್ಲಿನ ಪಾತ್ರೆ ಜಾರುತ್ತಿತ್ತು. ಮಗುವಿನ ಮಾತು ಕೇಳಿಕೇಳಿ ಅವಳಿಗೂ ಅದು ತುಳಸಾಳ ದನಿಯಾಗಿಯೇ ಕೇಳುತ್ತಿತ್ತು.

ಅಮಾವಾಸ್ಯೆಯ ಮಧ್ಯಾಹ್ನ ಅಂಬಕ್ಕ ನನ್ನ ಮುಂದೆ ಎಲೆ ಹಾಸಿ ಎಡೆ ಇಟ್ಟಳು. ಅನ್ನ, ಬದನೆಕಾಯಿ ಪಲ್ಯ, ತುಳಸಾಳ ಮೆಚ್ಚಿನ ಶೇಂಗಾ ಹೋಳಿಗೆ. "ತುಳಸಾ, ಕೂಸಿನ್ನ ನಾ ನೋಡ್ಕೋತೀನಿ. ಉಂಡು ಹೋಗವ್ವಾ" ಎಂದು ಕೈಮುಗಿದಳು.

ಅದೇ ಹೊತ್ತಿಗೆ ಕರೆಂಟು ಹೋಯಿತು. ನಾನು ಸುಮ್ಮನಾದೆ.

"ಒಪ್ಪಿಕೊಂಡ್ಲು!" ಅಂಬಕ್ಕನ ಕಣ್ಣು ತುಂಬಿದವು. ಎಲೆ ಎತ್ತುವಾಗ ಕರೆಂಟು ಬಂತು. ಹೂಂ... ಎಲೆ ನೆಲಕ್ಕೆ ಬಿತ್ತು. ರೇಣು ಚಪ್ಪಾಳೆ ತಟ್ಟಿದಳು: "ಅತ್ತಿ, ಅವ್ವ ಹೋಳಗಿ ಚಲೋ ಆಗೈತಿ ಅಂದ್ಲು!"

ಮರುದಿನವೇ ಮಾರುತಿ ಹುಸೇನಸಾಬನನ್ನು ಕರೆತಂದ. ಅವನು ಮುಚ್ಚಳ ತೆಗೆದು ನಕ್ಕ. "ದೆವ್ವ ಅಲ್ರೀ ಅಕ್ಕಾರ. ಕಾಂತ ಏರಿದ್ರ ಕಬ್ಬಿಣ ಹಿಗ್ಗತೈತಿ, ಇಳಿದ್ರ ಕುಗ್ಗತೈತಿ. ಬೋಲ್ಟ್ ಬಿಗಿಯೋದು ಮರ್ತಿದ್ದೆ, ಅದಕ್ಕ ಇಷ್ಟ ಒದರತೈತಿ."

"ಹಂಗಾರ ನಾ ಹೋಳಗಿ ಉಣಿಸಿದ್ದು ಕಬ್ಬಿಣಕ್ಕೇನು?"

"ಇದನ್ನ ಮಾಡಿದ ದಿನ ಅಂಗಡ್ಯಾಗ ನನಗ ಉಣಿಸಿದ್ರ, ಆವತ್ತ ಬಿಗೀತಿದ್ದೆ ನೋಡ್ರಿ."

ಅವನು ಬೋಲ್ಟು ಬಿಗಿದ. ನಾನು ಹಿಗ್ಗುವುದೇನೂ ನಿಲ್ಲಲಿಲ್ಲ. ದನಿ ಮಾತ್ರ ಅಡಗಿತು.

ರೇಣು ಬಂದು ಕಿವಿ ಹಚ್ಚಿದಳು. ಈ ಕಡೆ ಹಚ್ಚಿದಳು, ಆ ಕಡೆ ಹಚ್ಚಿದಳು. "ಅತ್ತಿ, ಅವ್ವ ಎಲ್ಲಿ ಹೋದ್ಲು?"

ಅಂಬಕ್ಕ ಒಲೆಯ ಕಡೆ ತಿರುಗಿಕೊಂಡಳು.

ಮಗು ಅಂದು ನಿದ್ದೆ ಮಾಡಲಿಲ್ಲ. ಆಮೇಲೆ ಊಟವನ್ನೂ ಬಿಟ್ಟಿತು. ನನಗೆ ತಲೆಯೊರಗಿಸಿ ಬಿದ್ದುಕೊಂಡಿತ್ತು. ಅದರ ಕೆನ್ನೆ ನನ್ನ ಡಬ್ಬಿಗಿಂತ ಬಿಸಿ. ಔಷಧಿ ಕೊಟ್ಟರೆ ಉಗುಳುತ್ತಿತ್ತು. ಗುನುಗಬೇಕೆಂದು ನಾನು ಎಷ್ಟು ಹೆಣಗಿದರೂ ಬೋಲ್ಟು ಬಿಡಲಿಲ್ಲ.

ಒಂದು ಮಧ್ಯಾಹ್ನ ಅಂಬಕ್ಕ ಚಾಪೆ ತಂದು ಅಲ್ಲೇ ಮಲಗಿದಳು. ಆಮೇಲೆ ಅವಳ ಮುಚ್ಚಿದ ಬಾಯಿಂದ ದನಿ ಬಂತು: ಹೂಂ... ಅದೇ ಶ್ರುತಿ. ಪವರ್‌ಲೂಮು ಶುರುವಾದಾಗ ತುಳಸಾ ಎಳೆಯುತ್ತಿದ್ದ ಆ ಉಸಿರೂ ಕೂಡ! ತುಳಸಾ ಗುನುಗಿದ್ದನ್ನು ಅಂಬಕ್ಕ ಒಮ್ಮೆಯೂ ಕೇಳಿದವಳಲ್ಲ.

ಮಗು ಕಣ್ಣು ಬಿಟ್ಟು ಅತ್ತೆಯ ಬಾಯಿ ನೋಡಿತು. ನನ್ನಿಂದ ತಲೆ ಎತ್ತಿ ಅವಳ ಎದೆಗೆ ಕಿವಿ ಹಚ್ಚಿತು. ನಿದ್ದೆ ಹೋಯಿತು. ಸಂಜೆ ಎದ್ದು ಗಂಜಿ ಕೇಳಿತು.

ರೇಣು ಫ್ರಿಜ್ಜಿನ ಎತ್ತರಕ್ಕೆ ಬೆಳೆದಳು. ಫ್ರಿಜ್ಜು ಕೆಟ್ಟಿತು, ಅದರ ಜೊತೆ ನಾನೂ ಗುಜರಿಗೆ ಬಂದೆ. ಒಡೆದ ಸ್ಪೀಕರಿನ ಕಾಂತವೊಂದು ನನಗೆ ಅಂಟಿಕೊಂಡಿದೆ. ಅದು ಅಂಟಿದ ಕಡೆ ಚೂರು ಹಿಗ್ಗಿ, ಹಾಗೆಯೇ ಉಳಿದಿದ್ದೇನೆ. ಈ ಕಾಂತ ಏರುವುದಿಲ್ಲ, ಇಳಿಯುವುದಿಲ್ಲ. ಹಾಗಾಗಿ ನನ್ನಲ್ಲಿ ದನಿಯಿಲ್ಲ.

ಆದರೂ ಮಧ್ಯಾಹ್ನ, ದೂರದಲ್ಲಿ ಲೂಮುಗಳು ಶುರುವಾದಾಗ, ಬಹಳ ಹತ್ತಿರದಲ್ಲಿ ಯಾರೋ ಒಮ್ಮೆ ಉಸಿರೆಳೆದು ಗುನುಗುತ್ತಾರೆ. ನನಗೀಗ ಕರೆಂಟಿಲ್ಲ, ಅದು ನಾನಲ್ಲ. ಎಡೆ ಇಡಲು ನನಗೆ ಕೈಗಳೂ ಇಲ್ಲ. ಅಂಬಕ್ಕನ ಹಾಗೆ ಹೆದರುತ್ತಲೇ, ರೇಣುವಿನ ಹಾಗೆ ಕಿವಿಗೊಟ್ಟು ಬಿದ್ದಿದ್ದೇನೆ.